ಟಿಪ್ಪುವಿನ ಬೇಸಿಗೆ ಅರಮನೆ ನೋಡಲು ಹೋಗುವವರಿಗೆ

ಊರಿನಿಂದ ನೆಂಟರು ಬಂದರೆ ಎಲ್ಲರೂ ವಸಂತನಗರದ ಬೆಂಗಳೂರು ಅರಮನೆಗೇ ಕರೆದೊಯ್ಯುತ್ತಾರೆ. ಅಲ್ಲಿನ ಟಿಕೆಟ್ ದುಬಾರಿ. ನಾಲ್ಕೈದು ಜನರಿದ್ದರೆ ಜೇಬಿಗೆ ಕತ್ತರಿ ಬಿದ್ದಂತೆಯೇ. ಕಡಿಮೆ ಖರ್ಚಿನಲ್ಲಿ ನೋಡಬೇಕೆಂದರೆ ಕೆ.ಆರ್. ಮಾರುಕಟ್ಟೆ ಬಳಿಯ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋಗಿ.

ಕಾರು ಬೇಡವೇ ಬೇಡ. ಮೆಟ್ರೋದ ಹಸಿರು ಮಾರ್ಗದಲ್ಲಿ ಬಂದು ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಅರಮನೆ ನಡೆಯುವಷ್ಟೇ ದೂರ.

ಹೈದರಾಲಿ ಆರಂಭಿಸಿದ ಈ ಕಟ್ಟಡವನ್ನು ಟಿಪ್ಪು 1791ರಲ್ಲಿ ಮುಗಿಸಿದ. ಹೆಚ್ಚಿನ ಭಾಗ ತೇಗದ ಮರದ್ದು. ಒಳಗೆ ಹೋದ ಕೂಡಲೇ ಮೊಬೈಲ್ ಎತ್ತಬೇಡಿ. ಮೊದಲು ಒಂದು ಕಂಬದ ಹತ್ತಿರ ನಿಂತು ಬುಡದಿಂದ ಮೇಲಕ್ಕೆ ನೋಡಿ. ಕೆಳಗೆ ಕಲ್ಲಿನ ಪೀಠ, ಮೇಲೆ ಮರದ ಕಂಬ, ಅದರ ತುದಿಯಲ್ಲಿ ಬಳುಕುವ ಕಮಾನು. ಗೋಡೆಯ ಹೂಬಳ್ಳಿ ಚಿತ್ತಾರದ ಬಣ್ಣ ಮಾಸಿದೆ, ಆದರೂ ಅಲ್ಲಲ್ಲಿ ಉಳಿದಿದೆ. ಮುಟ್ಟಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ. ಮಹಡಿಯ ಮೆಟ್ಟಿಲು ಕಿರಿದು; ಮಂಡಿನೋವಿರುವ ಅಜ್ಜಿ-ತಾತಂದಿರು ಕೆಳಗೇ ಕುಳಿತರೂ ನಷ್ಟವೇನಿಲ್ಲ. ಮೇಲಿನ ಮೊಗಸಾಲೆಯಿಂದಲೇ ಟಿಪ್ಪು ದರ್ಬಾರು ನಡೆಸುತ್ತಿದ್ದ ಎನ್ನುತ್ತಾರೆ. 1868ರವರೆಗೆ ಸರ್ಕಾರಿ ಕಚೇರಿಯೂ ಇಲ್ಲಿಯೇ ಇತ್ತು, ಆಮೇಲೆ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಡಕ್ಕೆ ಹೋಯಿತು.

ಅರಮನೆ ಚಿಕ್ಕದು. ಮೈಸೂರಿನ ವೈಭವ ನಿರೀಕ್ಷಿಸಿ ಬಂದವರು ಮುಖ ಸಿಂಡರಿಸುವುದುಂಟು, ಅಂಥವರನ್ನು ಕರೆತರಬೇಡಿ. ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನವಿದೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಹೊರಡಿ.