ಐದು ಪವನ್ ಫ್ರೀ ಅಂದಿದ್ದರು: ದುಬೈಯಿಂದ ಒಡವೆ ತಂದ ನನ್ನ ಅನುಭವ

2024ರ ನವೆಂಬರ್ ಕೊನೆಗೆ ತಂಗಿಯ ಮದುವೆ. ನಾನು ದುಬೈಯಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ, ಆಗ ಎಂಟು ವರ್ಷ ತುಂಬಿತ್ತು. ಅವಳಿಗೆ ಒಂದು ಜೊತೆ ಬಳೆ ಕೊಡಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೆ. ಒಂದೊಂದು ಬಳೆ ಎರಡು ಪವನ್, ಒಟ್ಟು ನಾಲ್ಕು ಪವನ್. ನಮ್ಮ ಮಂಗಳೂರು ಕಡೆ ಚಿನ್ನದ ಲೆಕ್ಕ ಪವನಿನಲ್ಲೇ. ಒಂದು ಪವನಿಗೆ 8 ಗ್ರಾಂ, ಹಾಗಾಗಿ ಬಳೆ 32 ಗ್ರಾಂ ಆಯಿತು.

ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಹೇಳಿದ್ದು ಒಂದೇ ಮಾತು. "ಹೆಂಗಸರಿಗೆ ಐದು ಪವನ್ ಫ್ರೀ ಅಲ್ವಾ? ಸುಮ್ನೆ ಕೈಗೆ ಹಾಕ್ಕೊಂಡು ಹೊರಗೆ ನಡಿ." ಇಷ್ಟು ಜನ ಹೇಳುವಾಗ ನಿಜವೇ ಇರಬೇಕು ಅಂದುಕೊಂಡಿದ್ದೆ. ಆದರೂ ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಕೂತು ನಿಯಮವನ್ನೇ ಓದಿದೆ. ಆಗ ನಡೆಯುತ್ತಿದ್ದದ್ದು 2016ರ ಬ್ಯಾಗೇಜ್ ನಿಯಮ, ಅಂದರೆ ಹೊರದೇಶದಿಂದ ಬರುವವರು ಕಸ್ಟಮ್ಸ್ ಸುಂಕ ಕಟ್ಟದೆ ಏನೇನು, ಎಷ್ಟೆಷ್ಟು ತರಬಹುದು ಅಂತ ಹೇಳುವ ನಿಯಮ. ಅದರಲ್ಲಿ 40 ಗ್ರಾಂ ಅಂತ ಇದ್ದದ್ದು ನಿಜ. ಅದರ ಪಕ್ಕದಲ್ಲೇ, ಬೆಲೆ 1,00,000 ರೂಪಾಯಿ ಮೀರಬಾರದು ಅಂತಲೂ ಇತ್ತು. ಗಂಡಸರಿಗೆ 20 ಗ್ರಾಂ, 50,000 ರೂಪಾಯಿ. ಅದೂ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬರುವವರಿಗೆ ಮಾತ್ರ.

ಲೆಕ್ಕ ಹಾಕಿ ನೋಡಿ. ಆ ತಿಂಗಳು ದುಬೈಯಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಮಿಗೆ ಹೆಚ್ಚುಕಡಿಮೆ 6,700 ರೂಪಾಯಿ. ಒಂದು ಲಕ್ಷಕ್ಕೆ 15 ಗ್ರಾಂ ಕೂಡ ಬರುವುದಿಲ್ಲ. ಐದು ಪವನ್ ಅನ್ನುತ್ತಿದ್ದದ್ದು ಎರಡು ಪವನಿಗೂ ಕಡಿಮೆ! ನಿಯಮ ಬರೆದ ಕಾಲದ ಚಿನ್ನದ ರೇಟಿಗೆ 40 ಗ್ರಾಂ ಒಂದು ಲಕ್ಷದ ಆಸುಪಾಸಿನಲ್ಲಿತ್ತು. ರೇಟು ಏರುತ್ತಾ ಹೋಯಿತು, ಜನರ ಬಾಯಲ್ಲಿ ಮಾತು ಮಾತ್ರ ಹಾಗೇ ಉಳಿಯಿತು. ಎಷ್ಟೋ ಮಂದಿ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಕಳ್ಳತನದಿಂದ ಅಲ್ಲ, ಈ ಹಳೇ ಮಾತನ್ನು ನಂಬಿ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಮಿಕ್ಕ ಚಿನ್ನಕ್ಕೆ ಎಷ್ಟು ಸುಂಕ? ಇಲ್ಲಿ ಇನ್ನೊಂದು ನಿಯಮ ಕೈಹಿಡಿಯಿತು. ಭಾರತದ ಪಾಸ್‌ಪೋರ್ಟ್ ಇದ್ದು, ಕನಿಷ್ಠ ಆರು ತಿಂಗಳು ಹೊರಗಿದ್ದು ಬರುವವರಿಗೆ ಚಿನ್ನದ ಮೇಲೆ ಕಡಿಮೆ ದರದ ಸುಂಕ ಇದೆ. ನಡುವೆ ಊರಿಗೆ ಬಂದು ಹೋಗಿದ್ದರೆ ಅದು ಒಟ್ಟು 30 ದಿನ ಮೀರಿರಬಾರದು. 2024ರ ಜುಲೈ ಬಜೆಟ್ಟಿನಲ್ಲಿ ಆ ದರ 6 ಪರ್ಸೆಂಟಿಗೆ ಇಳಿದಿತ್ತು. ಈ ಅರ್ಹತೆ ಇಲ್ಲದವರಿಗೆ 38.5 ಪರ್ಸೆಂಟ್. ನಾನು ಹಿಂದಿನ ಸಲ ಊರಿಗೆ ಬಂದು ಹೋಗಿ 14 ತಿಂಗಳಾಗಿತ್ತು. ಹಾಗಾಗಿ ನನಗೆ ಎರಡೂ ಸಿಕ್ಕಿತು: ಒಂದು ಲಕ್ಷದವರೆಗೆ ಫ್ರೀ, ಮಿಕ್ಕಿದ್ದಕ್ಕೆ 6 ಪರ್ಸೆಂಟ್. ಕಲ್ಲು, ಮುತ್ತು ಕೂರಿಸಿದ ಒಡವೆಗೆ ಈ ಕಡಿಮೆ ದರ ಇಲ್ಲ. ಅಂಗಡಿಯಲ್ಲಿ ಕೆಂಪು ಕಲ್ಲಿನ ಬಳೆ ಕಣ್ಣಿಗೆ ಬಿದ್ದು ಮನಸ್ಸು ಎಳೆಯಿತು. ಬಿಟ್ಟು ಸಾದಾ ಬಳೆಯನ್ನೇ ತೆಗೆದುಕೊಂಡೆ. ಬಿಲ್ಲಿನಲ್ಲಿ ತೂಕ, ಕ್ಯಾರೆಟ್, ನನ್ನ ಹೆಸರು ಸರಿಯಾಗಿ ಬರೆಸಿದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಈ ಕಡಿಮೆ ದರದ ಸುಂಕವನ್ನು ವಿದೇಶಿ ಹಣದಲ್ಲೇ ಕಟ್ಟಬೇಕು. ನಾನು 500 ದಿರ್ಹಮ್ ಒಂದು ಲಕೋಟೆಯಲ್ಲಿ ಹಾಕಿ ಬಿಲ್ಲಿನ ಜೊತೆ ಪಿನ್ ಮಾಡಿ ಇಟ್ಟುಕೊಂಡಿದ್ದೆ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬ್ಯಾಗು ತೆಗೆದುಕೊಂಡು ಮುಂದೆ ಬಂದರೆ ಎರಡು ದಾರಿ: ಸುಂಕ ಕಟ್ಟುವಂಥದ್ದು ಏನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. ನಮ್ಮ ವಿಮಾನದ ಜನ ಪೂರ್ತಿ ಹಸಿರಿನ ಕಡೆ ಹೋದರು. ಕೆಂಪಿನ ಕಡೆ ನಾನೊಬ್ಬಳೇ. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅಲ್ಲಿದ್ದ ಕಸ್ಟಮ್ಸ್ ಅಧಿಕಾರಿಗೆ "ಸರ್, ಡಿಕ್ಲೇರ್ ಮಾಡಬೇಕು" ಅಂದೆ. ಅವರು "ಏನು ತಂದಿದ್ದೀರಿ ಮೇಡಂ?" ಅಂತ ಕೇಳಿ ಬಿಲ್ ನೋಡಿದರು. ಪಾಸ್‌ಪೋರ್ಟಿನ ಸೀಲುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿ ನೋಡಿದರು. ಬಳೆ ತಕ್ಕಡಿಗೆ ಹೋಯಿತು. ಚಿನ್ನದ ಬೆಲೆಗೆ ಅವರು ಹಿಡಿಯುವುದು ಸರ್ಕಾರ 15 ದಿನಕ್ಕೊಮ್ಮೆ ಪ್ರಕಟಿಸುವ ದರ. ಅದರಲ್ಲಿ ಒಂದು ಲಕ್ಷ ಕಳೆದು, ಉಳಿದದ್ದಕ್ಕೆ ಸುಂಕ ಹಾಕಿದರು. ಏಳು ಸಾವಿರ ರೂಪಾಯಿಯ ಒಳಗೆ, ದಿರ್ಹಮಿನಲ್ಲಿ 300ರ ಹತ್ತಿರ. ರಸೀದಿ ಕೈಗೆ ಬಂತು. ಪೂರ್ತಿ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಅಪ್ಪ ಕಾಯುತ್ತಾ ನಿಂತಿದ್ದರು. ಆ ಬಳೆಯನ್ನು ಯಾವ ಅಳುಕೂ ಇಲ್ಲದೆ ತಂಗಿಯ ಕೈಗೆ ಹಾಕಿದೆ.

ಒಂದು ಮಾತು. ಬಾಯಿಬಿಟ್ಟು ಹೇಳಿದವರಿಗೆ ಕಾನೂನಿನಲ್ಲೂ ದಾರಿ ಇದೆ. ಸುಂಕ ಕಟ್ಟಲು ಆಗದಿದ್ದರೆ, ವಸ್ತುವನ್ನು ಅಲ್ಲೇ ಇಟ್ಟು ವಾಪಸು ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ ಅಂತ ಕೇಳಬಹುದು. ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಅದು. ಮುಚ್ಚಿಟ್ಟು ಹಸಿರು ದಾರಿಯಲ್ಲಿ ಸಿಕ್ಕಿಬಿದ್ದವರು ಅದನ್ನು ಕೇಳುವ ಹಾಗಿಲ್ಲ.

ಇದು 2024ರ ಕಥೆ. 2026ರ ಫೆಬ್ರವರಿಯಲ್ಲಿ ಹೊಸ ಬ್ಯಾಗೇಜ್ ನಿಯಮ ಬಂದಿದೆ. ಒಡವೆಗೆ ಬೆಲೆಯ ಮಿತಿ ಹೋಗಿ ತೂಕ ಮಾತ್ರ ಉಳಿದಿದೆ: ಹೆಂಗಸರಿಗೆ 40 ಗ್ರಾಂ, ಉಳಿದವರಿಗೆ 20. ಒಂದು ವರ್ಷ ಹೊರಗಿರಬೇಕು ಅನ್ನುವ ಮಾತು ಹಾಗೇ ಇದೆ. ಈಗ ತಂದಿದ್ದರೆ ಆ ನಾಲ್ಕು ಪವನಿಗೆ ನಾನು ಏನೂ ಕಟ್ಟಬೇಕಿರಲಿಲ್ಲ. ಎಷ್ಟೋ ವರ್ಷದ ತೊಡಕು ಹೋಯಿತಲ್ಲ ಅಂತ ನಿಜವಾಗಿ ಖುಷಿಯಾಯಿತು. ಆದರೆ ಫ್ರೀ ಇರುವುದು ಒಡವೆಗೆ. ನಾಣ್ಯ, ಬಿಸ್ಕತ್ತಿಗೆ ಅಲ್ಲ. ಬೇರೆ ಸಾಮಾನಿನ ಮಿತಿಯೂ 50,000ದಿಂದ 75,000 ರೂಪಾಯಿ ಆಗಿದೆ. ಮನೆಯವರ ಮಿತಿಯನ್ನೆಲ್ಲ ಒಟ್ಟು ಸೇರಿಸಿ ಒಂದೇ ದುಬಾರಿ ವಸ್ತುವಿಗೆ ಹಿಡಿಯಲು ಆಗುವುದಿಲ್ಲ. 18 ತುಂಬಿದವರಿಗೆ ಒಂದು ಲ್ಯಾಪ್‌ಟಾಪ್ ಬೇರೆಯಾಗಿ ಫ್ರೀ. ಮದ್ಯ 2 ಲೀಟರ್.

ಸಿಗರೇಟು 100 ಮಾತ್ರ. ಡ್ಯೂಟಿ ಫ್ರೀ ಅಂಗಡಿಯಲ್ಲಿ ಮಾರುವ ಕಾರ್ಟನ್‌ನಲ್ಲಿ 200 ಇರುತ್ತದೆ! ಆ ಸಲ ಪರಿಚಯದವರೊಬ್ಬರು "ಅಕ್ಕ, ಇದೊಂದು ಪೊಟ್ಟಣ ನಮ್ಮ ಮನೆಗೆ ಮುಟ್ಟಿಸ್ತೀರಾ? ಬಟ್ಟೆ ಅಷ್ಟೇ" ಅಂದಿದ್ದರು. ಅವರ ಎದುರಿಗೇ ಬಿಚ್ಚಿದೆ. ಬಟ್ಟೆಯ ನಡುವೆ ಎರಡು ಕಾರ್ಟನ್. ಅದನ್ನು ಅವರಿಗೇ ಕೊಟ್ಟು, ಬಟ್ಟೆ ಮಾತ್ರ ತಂದೆ. ಅವರಿಗೆ ಬೇಜಾರಾಯಿತು. ಆಗಲಿ, ನನ್ನ ಬ್ಯಾಗಿನಲ್ಲಿ ಇರುವುದಕ್ಕೆಲ್ಲ ಉತ್ತರ ಕೊಡಬೇಕಾದವಳು ನಾನೇ ಅಲ್ವಾ.

ವಾಪಸು ಹೋಗುವಾಗ ಮಾಡಿದ ಕೆಲಸವನ್ನು ಎಲ್ಲರೂ ಮಾಡಬೇಕು. ಮದುವೆಗೆ ಅಂತ ಅಮ್ಮ ತನ್ನ ಹಳೇ ಹವಳದ ಸರ ನನಗೆ ಕೊಟ್ಟಿದ್ದರು. ಅದಕ್ಕೆ ಬಿಲ್ ಎಲ್ಲಿಂದ ತರುವುದು? ಮುಂದಿನ ಸಲ ಹಾಕಿಕೊಂಡು ಬಂದರೆ ದುಬೈಯಲ್ಲಿ ಕೊಂಡದ್ದಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. ಅದಕ್ಕೇ ಒಂದು ಗಂಟೆ ಬೇಗ ಹೋಗಿ, ಹೊರಡುವ ಕಡೆಯ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿದೆ. ಸರದ ತೂಕ, ವಿವರ ಬರೆದು ಸಹಿ ಹಾಕಿ ಕೊಟ್ಟರು. ಪಾಸ್‌ಪೋರ್ಟಿನ ಕವರಿನಲ್ಲೇ ಮಡಚಿ ಇಟ್ಟಿದ್ದೇನೆ.

ಹೋಗುವಾಗ ಅಮ್ಮ ಡಬ್ಬಿಗಳನ್ನು ಕಟ್ಟಿ ಕೊಡುತ್ತಿದ್ದರು. ಉಪ್ಪಿನಕಾಯಿ, ಹಪ್ಪಳ, ಕೊನೆಗೆ ಒಂದು ಪುಟ್ಟ ಡಬ್ಬಿಯಲ್ಲಿ ಗಸಗಸೆ. ಯುಎಇಯಲ್ಲಿ ಗಸಗಸೆ ಅಫೀಮು ಗಿಡದ ಬೀಜ ಅಂತ ನಿಷೇಧ. ಕೇಸು, ಜೈಲಿನವರೆಗೂ ಹೋಗಬಹುದು. ಅಮ್ಮನಿಗೆ ನಂಬಲು ಕಷ್ಟವಾಯಿತು. "ಪಾಯಸಕ್ಕೆ ಹಾಕುವುದಲ್ವಾ ಮಗಾ?" ಅಂದರು. ಡಬ್ಬಿ ತೆಗೆದು ಅವರ ಕಪಾಟಿನಲ್ಲೇ ಇಟ್ಟೆ. ಮುಂದಿನ ರಜೆಗೆ ಬಂದಾಗ ಅದರಲ್ಲೇ ಪಾಯಸ ಮಾಡಿ ಬಡಿಸಿದರು.