ಬಿಸಿಲೂರಿನಲ್ಲಿ ಮನೆಯೊಳಗಿನ ಸೈಕಲ್ ಸವಾರಿ: ಹೊಸಬರು ಟ್ರೈನರ್ ಹೂಡುವ ಬಗೆ

ವಿಜಯಪುರದಲ್ಲಿ ನಿತ್ಯ ಸೈಕಲ್ ತುಳಿಯುವವರಿಗೆ ವರ್ಷದಲ್ಲಿ ಎರಡು ಕಾಲ ಕಷ್ಟದವು. ಮಾರ್ಚ್ ಕೊನೆಯಿಂದ ಮಳೆ ಬೀಳುವವರೆಗೆ ಮುಂಜಾನೆ ಎಂಟು ದಾಟಿದರೆ ರಸ್ತೆಗೆ ಇಳಿಯುವಂತಿಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ, ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ, ಹಿಂದೆ ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರುಗಳ ನಡುವೆ ನಸುಕಿನ ಕತ್ತಲಲ್ಲಿ ಕೊಲ್ಹಾರದ ದಾರಿ ಹಿಡಿಯುವುದು ಧೈರ್ಯದ ಮಾತಲ್ಲ, ಹುಂಬತನದ ಮಾತು. ಬೆಳಗಾವಿಯವರಿಗೆ ಇದೇ ತೊಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ರೂಪದಲ್ಲಿ ಬರುತ್ತದೆ. ಸೈಕಲ್ಲಿನ ಹಿಂಭಾಗವನ್ನು ಟ್ರೈನರ್ ಎಂಬ, ಸೈಕಲ್ಲನ್ನು ಇದ್ದಲ್ಲೇ ಹಿಡಿದು ತುಳಿತಕ್ಕೆ ಬಿಗಿ ಕೊಡುವ ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಆ್ಯಪ್ ಎದುರಿನ ಪರದೆಯ ಮೇಲೆ ಮೂಡಿಸುವ ರಸ್ತೆಯಲ್ಲಿ ಮನೆಯೊಳಗೇ ತುಳಿಯುವ ವರ್ಚುವಲ್ ಸೈಕ್ಲಿಂಗ್ ಈ ತಿಂಗಳುಗಳನ್ನು ದಾಟಿಸುತ್ತದೆ. ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳವರು ತಮ್ಮ ಚಳಿಗಾಲಕ್ಕಾಗಿ ಬರೆದುಕೊಂಡವು. ನಮ್ಮ ಕಡೆಯ ಮೊದಲ ಸಮಸ್ಯೆ ಗಾಳಿಯದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಮಾಡಿದ ಮೊದಲ ತಪ್ಪು ಟ್ರೈನರನ್ನು ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ಇಟ್ಟದ್ದು. ಸದ್ದು ಯಾರಿಗೂ ಕೇಳಿಸುವುದಿಲ್ಲ, ಜಾಗವೂ ಖಾಲಿಯಿದೆ ಎಂಬ ಲೆಕ್ಕ. ಮೇ ತಿಂಗಳ ಒಂದು ಸಂಜೆ ಆರೂವರೆಗೆ, ದಿನವಿಡೀ ಕಾದ ಸ್ಲ್ಯಾಬಿನ ಕೆಳಗೆ ಹತ್ತಿ ಕುಳಿತವನು ಹದಿನೆಂಟನೆಯ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ಇಳಿದು, ಗೋಡೆ ಹಿಡಿದುಕೊಂಡು ಕುಳಿತಿದ್ದೆ. ಅಂದು ಪರದೆ ತೋರಿಸುತ್ತಿದ್ದ ತುಳಿತದ ಶಕ್ತಿ ಬರೀ 150 ವ್ಯಾಟ್. ಕಾರಣ ಸರಳ: ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ, ಪೆಡಲ್ಲಿಗೆ ತಲುಪುತ್ತದೆ, ಉಳಿದದ್ದೆಲ್ಲ ಶಾಖ. ಪೆಡಲ್ಲಿನ ಮೇಲೆ 150 ವ್ಯಾಟ್ ಬೀಳಬೇಕಾದರೆ ಮೈ 450ರಿಂದ 550 ವ್ಯಾಟ್‌ನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ, ಮತ್ತು ಆ 150 ವ್ಯಾಟ್ ಕೂಡ ಕೊನೆಗೆ ಟ್ರೈನರಿನೊಳಗೆ ಬಿಸಿಯಾಗಿ ಅದೇ ಕೋಣೆಗೆ ಸೇರುತ್ತದೆ. ಸಣ್ಣ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಚ್ಚಿಟ್ಟುಕೊಂಡು ಪಕ್ಕದಲ್ಲಿ ವ್ಯಾಯಾಮ ಮಾಡಿದಂತೆ. ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದ ಎದುರುಗಾಳಿ ಈ ಶಾಖವನ್ನೆಲ್ಲ ಕೊಂಡೊಯ್ಯುತ್ತದೆ. ಮನೆಯೊಳಗೆ ಆ ಗಾಳಿಯನ್ನು ನಾವೇ ಹುಟ್ಟಿಸಬೇಕು.

ಆದ್ದರಿಂದ ಸೈಕಲ್ಲನ್ನು ಮನೆಯ ಕೆಳಗಿನ ಅಂತಸ್ತಿನಲ್ಲಿ, ಸಾಧ್ಯವಾದರೆ ಬಿಸಿಲು ಬೀಳದ ಪಡಸಾಲೆಯಲ್ಲಿ ನಿಲ್ಲಿಸಬೇಕು. ಚಾವಣಿಯ ಫ್ಯಾನು ಸಾಲದು. ನೆಲದ ಮೇಲೆ ನಿಲ್ಲುವ, ಜೋರು ಗಾಳಿಯ ಸ್ಟ್ಯಾಂಡ್ ಫ್ಯಾನ್ ಒಂದನ್ನು ಎದೆಯ ಎತ್ತರಕ್ಕೆ, ಒಂದೂವರೆ ಮೀಟರ್ ದೂರದಲ್ಲಿ ಎದುರಿಗಿಟ್ಟು, ಮೊದಲ ನಿಮಿಷದಿಂದಲೇ ಹಚ್ಚಬೇಕು; ಬೆವರು ಇಳಿಯತೊಡಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ ಹೋಯಿತು. ವಿಜಯಪುರ, ಬಾಗಲಕೋಟೆಗಳ ಬೇಸಿಗೆ ಒಣ ಹವೆಯದಾದ್ದರಿಂದ ನೀರಿನ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಎದುರಿನ ಕಿಟಕಿ ತೆರೆದಿರಲೇಬೇಕು; ಇಲ್ಲವಾದರೆ ಕೋಣೆಯ ತೇವ ಹೆಚ್ಚಿ ಬೆವರು ಆರದೆ, ತಂಪಿನಲ್ಲಿಯೇ ಮೈ ಕಾಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಇದೇ ಕಾರಣಕ್ಕೆ ಕೂಲರ್ ಬೇಡ, ಬರೀ ಫ್ಯಾನ್ ಸಾಕು. ಫ್ಯಾನನ್ನು ಇನ್ವರ್ಟರಿನ ಲೈನಿಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕರೆಂಟು ಹೋಗಿ ಫ್ಯಾನ್ ನಿಂತರೆ, ಪರದೆಯ ಮೇಲೆ ಎಷ್ಟೇ ರೋಚಕ ಸ್ಪರ್ಧೆ ನಡೆದಿರಲಿ, ನೀವೂ ನಿಲ್ಲಬೇಕು.

ಇನ್ನು ಟ್ರೈನರಿನ ಆಯ್ಕೆ. ಒಂದು ಬಗೆಯದರಲ್ಲಿ ಹಿಂದಿನ ಗಾಲಿ ಇದ್ದಲ್ಲೇ ಇದ್ದು, ಟೈರು ಒಂದು ರೋಲರಿಗೆ ಒತ್ತಿ ತಿರುಗುತ್ತದೆ. ಇನ್ನೊಂದು, ಡೈರೆಕ್ಟ್ ಡ್ರೈವ್. ಹಿಂದಿನ ಗಾಲಿಯನ್ನು ತೆಗೆದಿಟ್ಟು, ಟ್ರೈನರಿಗೇ ಹಾಕಿದ ಹಲ್ಲುಚಕ್ರಗಳ ಮೇಲೆ ಚೈನನ್ನು ಕೂರಿಸುವಂಥದು. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ, ವ್ಯಾಟ್ ಲೆಕ್ಕ ನಂಬುವಂತಿರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಮೊದಲ ವರ್ಷಕ್ಕೆ ರೋಲರಿನದೇ ಸಾಕೆಂಬುದು ನನ್ನ ಅಭಿಪ್ರಾಯ; ಉಳಿದ ಹಣದಲ್ಲಿ ಒಳ್ಳೆಯ ಫ್ಯಾನು, ಪ್ಯಾಡ್ ಇರುವ ಚಡ್ಡಿ ಬರುತ್ತವೆ. ‘ಸ್ಮಾರ್ಟ್’ ಎಂಬ ಮಾತಿನ ಅರ್ಥವನ್ನು ಮಾತ್ರ ಅಂಗಡಿಯಲ್ಲಿ ಬಿಡಿಸಿ ಕೇಳಿಕೊಳ್ಳಿ. ಕೆಲವು ಟ್ರೈನರುಗಳು ಬರೀ ವೇಗವನ್ನು ಆ್ಯಪ್‌ಗೆ ತಿಳಿಸುತ್ತವೆ, ಪರದೆಯಲ್ಲಿ ಏರು ಬಂದರೂ ಪೆಡಲ್ ಬಿಗಿಯಾಗುವುದಿಲ್ಲ. ಆ್ಯಪ್ ಹೇಳಿದಂತೆ ಬಿಗಿ ತಾನಾಗಿ ಬದಲಾಗುವಂಥವು ಬೇರೆ.

ಕೊಳ್ಳುವ ಮುನ್ನ ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್, ಅಂದರೆ ಗಾಲಿಯ ಅಚ್ಚು, ನೋಡಿ. ಹಳೆಯ ರೋಡ್ ಸೈಕಲ್ಲುಗಳಲ್ಲಿ 130 ಮಿಲಿಮೀಟರ್, ಎಂಟಿಬಿ ಎಂಬ ಗುಡ್ಡಗಾಡು ಸೈಕಲ್ ಮತ್ತು ಹೈಬ್ರಿಡ್‌ಗಳಲ್ಲಿ 135 ಮಿಲಿಮೀಟರ್ ಅಗಲದ, ಕೈಯಿಂದಲೇ ಸಡಿಲಿಸುವ ಕ್ವಿಕ್ ರಿಲೀಸ್ ಸಾಮಾನ್ಯ. ಹೊಸ ಡಿಸ್ಕ್ ಬ್ರೇಕಿನ ರೋಡ್ ಸೈಕಲ್ಲುಗಳಲ್ಲಿ 12 ಮಿಲಿಮೀಟರ್ ದಪ್ಪ, 142 ಮಿಲಿಮೀಟರ್ ಅಗಲದ, ಫ್ರೇಮಿನೊಳಗೆ ತೂರಿಸಿ ಬಿಗಿಯುವ ಥ್ರೂ ಆಕ್ಸಲ್ ಇರುತ್ತದೆ, ಅದಕ್ಕೆ ಅಡಾಪ್ಟರ್ ಬೇಕಾಗಬಹುದು. ಡೈರೆಕ್ಟ್ ಡ್ರೈವ್ ಆದರೆ ಅದರ ಕ್ಯಾಸೆಟ್ಟಿನ, ಅಂದರೆ ಹಲ್ಲುಚಕ್ರಗಳ ಗೊಂಚಲಿನ, ಗೇರುಗಳ ಸಂಖ್ಯೆ ನಿಮ್ಮ ಸೈಕಲ್ಲಿನ ಹಿಂದಿನ ಗೇರುಗಳಷ್ಟೇ ಇರಬೇಕು, ಕೂರಿಸಿದ ಮೇಲೆ ಗೇರ್ ಕಟಕಟ ಎಂದರೆ, ಗೇರ್ ಬದಲಿಸುವ ಡಿರೈಲರಿನ ಕೇಬಲ್ಲಿನ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಸರಿಮಾಡಿಕೊಳ್ಳಬೇಕು. ರೋಲರಿನದಕ್ಕೆ ಉಬ್ಬು ಹಲ್ಲುಗಳ ಟೈರು ಆಗುವುದಿಲ್ಲ, ಮನೆಯೆಲ್ಲ ಗುಡುಗುಟ್ಟುತ್ತದೆ. ನುಣುಪು ಟೈರು ಹಾಕಿ, ಅದರ ಮೇಲೆ ಬರೆದ ಮಿತಿಯೊಳಗೆ ಗಟ್ಟಿಯಾಗಿ ಗಾಳಿ ತುಂಬಿ, ಪ್ರತಿ ಸಲವೂ ಅಷ್ಟೇ ಒತ್ತಡ ಇರುವಂತೆ ನೋಡಿಕೊಂಡರೆ ನಿನ್ನೆಯ ವ್ಯಾಟನ್ನು ಇಂದಿನದರ ಜೊತೆ ಹೋಲಿಸಲು ಬರುತ್ತದೆ.

ನಮ್ಮ ಮನೆಗಳ ಶಹಾಬಾದಿ ಫರಸಿಯ ಮೇಲೆ ಟ್ರೈನರಿನ ಕಾಲು ಜಾರುತ್ತದೆ, ಕಂಪನ ಪಕ್ಕದ ಕೋಣೆಗೂ ಹೋಗುತ್ತದೆ. ಟ್ರೈನರಿನದೇ ದುಬಾರಿ ಚಾಪೆ ಬೇಕಿಲ್ಲ. ಎಮ್ಮೆ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಒಂದನ್ನು ತಂದು ಹಾಸಿದರೆ ಬೆವರಿಗೂ ಕಂಪನಕ್ಕೂ ಅದೇ ಸಾಕು, ತೊಳೆಯಲೂ ಸುಲಭ. ರೋಲರಿನ ಟ್ರೈನರಿನಲ್ಲಿ ಹಿಂದಿನ ಗಾಲಿ ಎತ್ತರಕ್ಕೇರುವುದರಿಂದ ಮುಂದಿನ ಗಾಲಿಯ ಕೆಳಗೆ ಏನಾದರೂ ಕೊಟ್ಟು ಸಮ ಮಾಡಬೇಕು. ನಾಲ್ಕು ಮಡಿಕೆ ಹಾಕಿದ ಹಳೆಯ ಕೌದಿ ನನ್ನಲ್ಲಿ ಮೂರು ವರ್ಷದಿಂದ ಆ ಕೆಲಸ ಮಾಡುತ್ತಿದೆ. ಹ್ಯಾಂಡಲ್ ಮೇಲೆ ಒಂದು ಹಳೆಯ ಧೋತರದ ತುಂಡು ಹಾಕಿಕೊಳ್ಳಿ. ಬೆವರಿನ ಉಪ್ಪು ಹ್ಯಾಂಡಲ್ಲಿನ ಬೋಲ್ಟುಗಳಿಗೆ, ಅದರ ಕೆಳಗಿನ ಬೇರಿಂಗಿಗೆ ಇಳಿದು ತುಕ್ಕು ಹಿಡಿಸುತ್ತದೆ; ಮಳೆಯಲ್ಲಿ ನೆನೆದ ಸೈಕಲ್ಲನ್ನು ಎಲ್ಲರೂ ಒರೆಸುತ್ತಾರೆ, ಮನೆಯೊಳಗೆ ನೆನೆದದ್ದನ್ನು ಯಾರೂ ಒರೆಸುವುದಿಲ್ಲ.

ಆ್ಯಪ್‌ಗಳಲ್ಲಿ ಹೆಚ್ಚು ಜನ ಬಳಸುವುದು ಜ್ವಿಫ್ಟ್. ವಾಟೋಪಿಯಾ ಎಂಬ ಕಲ್ಪನೆಯ ದ್ವೀಪ ಅದರ ಮುಖ್ಯ ಲೋಕ, ತಿಂಗಳ ಚಂದಾ ಕಟ್ಟಬೇಕು. ರೂವಿ ನಿಜವಾದ ರಸ್ತೆಗಳ ವಿಡಿಯೋ ತೋರಿಸುತ್ತದೆ, ಅದಕ್ಕೂ ಚಂದಾ ಇದೆ. ಮೈವೂಶ್ ಉಚಿತ. ಉಚಿತವೆಂದು ಅದನ್ನು ಕಡೆಗಣಿಸಬೇಕಾಗಿಲ್ಲ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2020ರಲ್ಲಿ ಮೊದಲ ಇ–ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ಪನ್ನು ಜ್ವಿಫ್ಟ್‌ನಲ್ಲಿ ನಡೆಸಿತು, 2024ರದು ಮೈವೂಶ್‌ನಲ್ಲಿಯೇ ನಡೆಯಿತು. ಆ ಮೊದಲ ಸ್ಪರ್ಧೆಯ ಪುರುಷರ ವಿಭಾಗ ಗೆದ್ದ ಜರ್ಮನಿಯ ಜೇಸನ್ ಓಸ್ಬೋರ್ನ್ ಮೂಲತಃ ದೋಣಿ ಹುಟ್ಟು ಹಾಕುವ ಕ್ರೀಡಾಪಟು. ರಸ್ತೆಯ ಅನುಭವವೇ ಎಲ್ಲವೂ ಅಲ್ಲವೆಂಬುದಕ್ಕೆ ಹೊಸಬರು ಅವನನ್ನು ನೆನೆಸಿಕೊಳ್ಳಬಹುದು. ಹೊಸಬರು ಮೈವೂಶ್‌ನಲ್ಲಿ ಒಂದು ತಿಂಗಳು ತುಳಿದು, ಅಭ್ಯಾಸ ನೆಲೆಯೂರಿತೆಂದು ಖಾತ್ರಿಯಾದ ಮೇಲೆ ಚಂದಾದ ಮಾತು ಎತ್ತುವುದು ಜಾಣತನ.

ಜೋಡಿಸುವಾಗ ಹೊಸಬರೆಲ್ಲ ಒಂದೇ ಕಡೆ ಎಡವುತ್ತಾರೆ. ಟ್ರೈನರ್ ತಯಾರಕರ ಆ್ಯಪ್ ಮೊಬೈಲಿನಲ್ಲಿ ತೆರೆದೇ ಇರುತ್ತದೆ, ಇತ್ತ ಲ್ಯಾಪ್‌ಟಾಪಿನಲ್ಲಿ ಟ್ರೈನರ್ ಕಾಣಿಸುತ್ತಿಲ್ಲವೆಂದು ಹುಡುಕಾಟ ನಡೆದಿರುತ್ತದೆ. ಬಹಳಷ್ಟು ಟ್ರೈನರುಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಂದೇ ಸಾಧನದ ಕೈ ಹಿಡಿಯುತ್ತವೆ; ಮೊಬೈಲಿನ ಆ್ಯಪ್ಪನ್ನು ಪೂರ್ತಿ ಮುಚ್ಚಿದರೆ ಲ್ಯಾಪ್‌ಟಾಪಿಗೆ ಅದು ತಕ್ಷಣ ಸಿಗುತ್ತದೆ. ಮತ್ತೊಂದು ಮಾತು, ನಿಮ್ಮ ತೂಕವನ್ನು ಸರಿಯಾಗಿ ತುಂಬಿ. ಪರದೆಯೊಳಗಿನ ಏರಿನಲ್ಲಿ ನಿಮ್ಮ ವೇಗ ನಿರ್ಧಾರವಾಗುವುದು ಒಂದು ಕಿಲೋ ತೂಕಕ್ಕೆ ಎಷ್ಟು ವ್ಯಾಟ್ ಎಂಬುದರ ಮೇಲೆ. 80 ಕಿಲೋ ತೂಕದವರು 160 ವ್ಯಾಟ್ ತುಳಿದರೆ ಕಿಲೋಗೆ 2. ಅವರೇ ತಮ್ಮನ್ನು 64 ಕಿಲೋ ಎಂದು ಬರೆದುಕೊಂಡರೆ 2.5. ಹೀಗೆ ಗೆದ್ದವರನ್ನು ಗುಂಪಿನವರು ಬೇಗ ಗುರುತಿಸುತ್ತಾರೆ. ರೋಲರಿನ ಸ್ಮಾರ್ಟ್ ಟ್ರೈನರ್ ಆದರೆ ಹತ್ತು ನಿಮಿಷ ತುಳಿದು ಬಿಸಿಯಾದ ಮೇಲೆ, ತಯಾರಕರ ಆ್ಯಪ್‌ನಲ್ಲಿ ಸ್ಪಿನ್‌ಡೌನ್ ಮಾಡಬೇಕು. ಹೇಳಿದ ವೇಗಕ್ಕೆ ಏರಿಸಿ ಕಾಲು ನಿಲ್ಲಿಸಿದರೆ, ಗಾಲಿ ನಿಲ್ಲಲು ತೆಗೆದುಕೊಳ್ಳುವ ಹೊತ್ತಿನಿಂದ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ.

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಹತ್ತಬೇಕು. ಉಳಿದವರು ಮೊದಲ ವಾರ ದಿನ ಬಿಟ್ಟು ದಿನ, 20 ನಿಮಿಷಕ್ಕಿಂತ ಹೆಚ್ಚು ಬೇಡ. ರಸ್ತೆಯಲ್ಲಿ ಇಳಿಜಾರು ಬಂದಾಗ, ಎಮ್ಮೆ ಅಡ್ಡ ಬಂದಾಗ, ಪರಿಚಯದವರು ಕಂಡು ನಿಂತಾಗ ಕಾಲಿಗೆ ಸಿಗುವ ವಿರಾಮ ಇಲ್ಲಿ ಇಲ್ಲವಾದ್ದರಿಂದ, ಮನೆಯೊಳಗಿನ 20 ನಿಮಿಷ ಎಣಿಸಿದ್ದಕ್ಕಿಂತ ಉದ್ದವಾಗಿರುತ್ತದೆ. ನಿಮಿಷಕ್ಕೆ 80ರಿಂದ 90 ಸುತ್ತು, ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಬೇಕು. ನಮ್ಮ ಅವ್ವ ಒಳಗಿನಿಂದ ‘ತಾಸಗಟ್ಲೆ ತುಳದಿ, ಎಲ್ಲಿಗಿ ಮುಟ್ಟಿದ್ಯೋ ತಮ್ಮಾ?’ ಎಂದು ಕೇಳಿದಾಗ, ನಿಲ್ಲದೆ ಉತ್ತರ ಕೊಡಲು ಬಂದರೆ ಬಿಗಿ ಸರಿಯಿದೆ ಎಂದು ನನ್ನ ಲೆಕ್ಕ. ಸೈಕಲ್ ಅಲುಗದೆ ನಿಂತಿರುವುದರಿಂದ ಸೀಟಿನ ಒತ್ತು ಒಂದೇ ಜಾಗಕ್ಕೆ ಬೀಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಅರ್ಧ ನಿಮಿಷ ತುಳಿಯಿರಿ. ಎರಡನೆಯ ವಾರ 30, ಮೂರನೆಯ ವಾರ 40 ನಿಮಿಷಕ್ಕೆ ಏರಬಹುದು.

ಬೇಸಿಗೆಯಲ್ಲಿ ಬರೀ ನೀರು ಸಾಲದು. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾದ ಚಮಚದಲ್ಲಿ ಮಟ್ಟಸವಾಗಿ ಅಳೆದು ಹಾಕಿ, ಒಂದು ಇಂಡಿ ಲಿಂಬೆ ಹಿಂಡಿದರೆ ಪೊಟ್ಟಣದ ಪಾನೀಯದ ಗೊಡವೆ ಬೇಡ. ಸಕ್ಕರೆ ಕಾಯಿಲೆಯವರು ಇದನ್ನೂ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ನಾಲ್ಕನೆಯ ವಾರದಲ್ಲಿ ಎಫ್‌ಟಿಪಿ, ಅಂದರೆ ಹೆಚ್ಚುಕಡಿಮೆ ಒಂದು ತಾಸು ಹಿಡಿದಿಡಬಲ್ಲ ವ್ಯಾಟ್ ಎಷ್ಟೆಂದು ಅಳೆಯಿರಿ. ಅದಕ್ಕೆ ಮುಂಚೆ ಅಳೆದರೆ ಸಿಗುವುದು ನಿಮ್ಮ ಅಭ್ಯಾಸವಿಲ್ಲದ ಕಾಲಿನ ಅಳತೆ. ಹೊಸಬರಿಗೆ ರ‍್ಯಾಂಪ್ ಪರೀಕ್ಷೆ ಸುಲಭ: ನಿಮಿಷಕ್ಕೊಮ್ಮೆ ಬಿಗಿ ಏರುತ್ತಾ ಹೋಗುತ್ತದೆ, ಇನ್ನಾಗದು ಎನ್ನುವಲ್ಲಿ ನಿಲ್ಲಿಸಿದರೆ, ನೀವು ತುಳಿದ ಅತಿ ಹೆಚ್ಚಿನ ಒಂದು ನಿಮಿಷದ ವ್ಯಾಟಿನ ಶೇಕಡಾ 75 ನಿಮ್ಮ ಎಫ್‌ಟಿಪಿ. 240ಕ್ಕೆ ನಿಂತವರದು 180. ಈ ಸಂಖ್ಯೆಯ ಶೇಕಡಾ 56ರಿಂದ 75ರವರೆಗಿನದು ಸಾವಕಾಶದ ತುಳಿತ. ವಾರದ ಹೆಚ್ಚಿನ ಪಾಲು ಅಲ್ಲಿಯೇ ಕಳೆಯಬೇಕು. ಮೇ ತಿಂಗಳಲ್ಲಿ ಅಳೆದ ಸಂಖ್ಯೆ ಡಿಸೆಂಬರಿನದಕ್ಕಿಂತ ಕಡಿಮೆ ಬಂದರೆ ಅದು ಸೆಕೆಯ ಲೆಕ್ಕ, ಕಾಲಿನದಲ್ಲ.

ಇಲ್ಲಿಂದ ಮುಂದೆ, ಬಿಗಿ ತಾನಾಗಿ ಬದಲಾಗುವ ಟ್ರೈನರುಗಳಲ್ಲಿ, ಎರ್ಗ್ ಮೋಡ್ ಬಳಕೆಗೆ ಬರುತ್ತದೆ. ಇದರಲ್ಲಿ ಗೇರ್ ಯಾವುದೇ ಇರಲಿ, ಆ್ಯಪ್ ಹೇಳಿದ ವ್ಯಾಟನ್ನು ಟ್ರೈನರ್ ಬಿಡದೆ ಹಿಡಿದಿರುತ್ತದೆ. ದಣಿದು ಕಾಲು ನಿಧಾನವಾಯಿತೋ, ಕಡಿಮೆಯಾದ ಸುತ್ತನ್ನು ತುಂಬಿಕೊಡಲು ಅದು ಬಿಗಿ ಹೆಚ್ಚಿಸುತ್ತದೆ. ಬಿಗಿ ಹೆಚ್ಚಿದಂತೆ ಕಾಲು ಇನ್ನೂ ನಿಧಾನ, ಕಾಲು ನಿಧಾನವಾದಂತೆ ಇನ್ನೂ ಬಿಗಿ, ಕೊನೆಗೆ ಕೆಸರಿನಲ್ಲಿ ಹೂತ ಬಂಡಿಯಂತೆ ಪೆಡಲ್ ನಿಂತೇಬಿಡುತ್ತದೆ. ಆಗ ಮೈಯೆಲ್ಲ ಬಲ ಹಾಕಿ ಒದ್ದಾಡಬೇಡಿ, ಮಂಡಿಗೆ ಪೆಟ್ಟು. ತುಳಿತ ನಿಲ್ಲಿಸಿ, ಬಿಗಿ ಸಡಿಲವಾದ ಮೇಲೆ 90 ಸುತ್ತಿಗೆ ಏರಿಸಿಕೊಂಡು ಮತ್ತೆ ಒಳಬನ್ನಿ.

ಬಯಲುಸೀಮೆಯವರಾದ ನಮಗೆ ವರ್ಚುವಲ್ ಸವಾರಿ ಕೊಡುವ ನಿಜವಾದ ಲಾಭ ಏರು. ಮನೆಯಿಂದ ಎತ್ತ ಹೊರಟರೂ ಇಲ್ಲಿ ದೊಡ್ಡ ಘಟ್ಟ ಸಿಗುವುದಿಲ್ಲ. ಜ್ವಿಫ್ಟ್‌ನಲ್ಲಿರುವ ಆಲ್ಪ್ ಡು ಜ್ವಿಫ್ಟ್, ಫ್ರಾನ್ಸಿನ ಪ್ರಸಿದ್ಧ ಆಲ್ಪ್ ಡ್ಯುಯೆಜ್ ಘಾಟಿಯ ನಕಲು: 12.2 ಕಿಲೋಮೀಟರ್ ಉದ್ದ, 21 ತಿರುವು, 1,036 ಮೀಟರ್ ಏರು. 51 ಮೀಟರ್ ಎತ್ತರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಇಪ್ಪತ್ತು ಪೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಜ್ವಿಫ್ಟ್‌ನಲ್ಲಿ ಪರದೆಯ ಏರಿನ ಎಷ್ಟು ಪಾಲು ಕಾಲಿಗೆ ತಾಗಬೇಕೆಂದು ಹೇಳುವ ‘ಟ್ರೈನರ್ ಡಿಫಿಕಲ್ಟಿ’ ಎಂಬ ಸೆಟ್ಟಿಂಗ್ ಮೊದಲಿಗೆ ಶೇಕಡಾ 50ಕ್ಕೆ ಇರುವುದರಿಂದ, ಶೇಕಡಾ ಎಂಟರ ಏರು ಕಾಲಿಗೆ ನಾಲ್ಕರಂತೆ ಅನಿಸುತ್ತದೆ. ಇದು ಮೋಸವಲ್ಲ; ಮೇಲೇರಲು ಬೇಕಾದ ವ್ಯಾಟ್ ಅಷ್ಟೇ ಇರುತ್ತದೆ, ಗೇರ್ ಮಾತ್ರ ಹಗುರ. ಅದನ್ನು ಹಾಗೆಯೇ ಬಿಡಿ. ಕಿಲೋಗೆ 2 ವ್ಯಾಟ್ ತುಳಿಯುವವರಿಗೆ ಈ ಏರು ಒಂದೂವರೆ ತಾಸನ್ನು ಮೀರುತ್ತದೆ, ಆದ್ದರಿಂದ ಎರಡು ಬಾಟಲಿ ತುಂಬಿಟ್ಟುಕೊಂಡು, ಧೋತರದ ಇನ್ನೊಂದು ತುಂಡನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡು, ಇನ್ವರ್ಟರಿನ ಬ್ಯಾಟರಿ ತುಂಬಿದೆಯೇ ನೋಡಿ ಹತ್ತಿ.