ಪಿಡಿಎಫ್ ತೆರೆದರೆ ಬ್ರೌಸರ್ ಮುಚ್ಚಿಹೋಗುತ್ತಾ? ತೆಗೆದು ಮತ್ತೆ ಹಾಕುವ ಮುಂಚೆ ಇಷ್ಟು ನೋಡಿ

ಹೋದ ತಿಂಗಳು ಭಾವ ಫೋನ್ ಮಾಡಿದರು. "ಏನೋ ಇದು, ಪತ್ರ ತೆರೆಯೋಕೆ ಹೋದ್ರೆ ಬ್ರೌಸರೇ ಮಾಯ ಆಗುತ್ತೆ." ಸೈಟಿನ ಹಳೇ ಕ್ರಯಪತ್ರದ ಸ್ಕ್ಯಾನ್ ಪ್ರತಿ ಅದು, ವಕೀಲರು ಮೇಲ್‌ನಲ್ಲಿ ಲಿಂಕ್ ಕಳಿಸಿದ್ದರಂತೆ. ಒತ್ತಿದರೆ ಒಂದು ಕ್ಷಣ ಬಿಳಿ ಪರದೆ, ಆಮೇಲೆ ವಿಂಡೋನೇ ಇಲ್ಲ. "ಏನಾದ್ರೂ ಮಾಡಿ ನೋಡಿದ್ರಾ ಭಾವ?" ಅಂದೆ. "ಬ್ರೌಸರನ್ನೇ ಎರಡು ಸಲ ತೆಗೆದು ಮತ್ತೆ ಹಾಕಿದೆ ಕಣೋ."

ಎಲ್ಲರೂ ಮೊದಲು ಮಾಡೋದು ಇದೇ. ಉಪಯೋಗ ಆಗೋದು ಅಪರೂಪ. ಯಾಕೆಂದರೆ ಬ್ರೌಸರ್ ತೆಗೆದರೂ ನಿಮ್ಮ ಪ್ರೊಫೈಲ್ ಫೋಲ್ಡರ್ (ಸೆಟ್ಟಿಂಗ್, ಬುಕ್‌ಮಾರ್ಕ್ ಎಲ್ಲ ಇರುವ ಜಾಗ) ಡಿಸ್ಕ್‌ನಲ್ಲಿ ಹಾಗೇ ಉಳಿದಿರುತ್ತೆ, ಅದನ್ನು ಅಳಿಸಿದರೂ ಸಿಂಕ್ (ಇದನ್ನೆಲ್ಲ ನಿಮ್ಮ ಅಕೌಂಟ್‌ನಲ್ಲೂ ಉಳಿಸಿಡೋ ಸೌಲಭ್ಯ) ಆನ್ ಇದ್ದರೆ ಹಳೇ ಎಕ್ಸ್‌ಟೆನ್ಷನ್‌ಗಳೆಲ್ಲ (ಬ್ರೌಸರ್‌ಗೆ ನಾವು ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳು) ಲಾಗಿನ್ ಆದ ಕೂಡಲೇ ವಾಪಸ್ ಬಂದು ಕೂರುತ್ತವೆ, ಇನ್ನು ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್ ಅಂತೂ ಬ್ರೌಸರ್‌ಗೆ ಸೇರಿದ್ದೇ ಅಲ್ಲ. ಅಂದರೆ ಕೆಟ್ಟಿರುವ ಸಾಧ್ಯತೆ ಜಾಸ್ತಿ ಇರೋದನ್ನೆಲ್ಲ ಬಿಟ್ಟು, ಸರಿಯಾಗಿರೋದನ್ನೇ ಬದಲಾಯಿಸಿದ ಹಾಗೆ.

ಮೊದಲು ಬೀಳುತ್ತಿರೋದು, ಅಂದರೆ ತಾನಾಗೇ ಮುಚ್ಚಿಹೋಗುತ್ತಿರೋದು, ಏನು ಅಂತ ನೋಡಿ. ಕ್ರೋಮ್‌ನಲ್ಲಿ ಒಂದು ಟ್ಯಾಬ್ ಮಾತ್ರ ಸತ್ತು "ಆ, ಸ್ನ್ಯಾಪ್" ಅನ್ನೋ ಪುಟ ಬಂದರೆ ಉಳಿದ ಟ್ಯಾಬ್‌ಗಳು ಆರಾಮಾಗಿ ನಡೀತಾ ಇರುತ್ತವೆ, ಯಾಕೆಂದರೆ ಸಾಮಾನ್ಯವಾಗಿ ಬೇರೆ ಬೇರೆ ಸೈಟ್‌ಗಳು ಬೇರೆ ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ಬೇರೆ ಬೇರೆ ಪ್ರೋಗ್ರಾಮ್‌ಗಳ ಹಾಗೆ, ಓಡುತ್ತವೆ. ಆಗ ಅನುಮಾನ ಆ ಫೈಲ್, ಮೆಮೊರಿ ಅಥವಾ ಎಕ್ಸ್‌ಟೆನ್ಷನ್ ಮೇಲೆ. ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎರರ್ ಕೋಡ್ ಇರುತ್ತೆ, ಓದಿ. "ಔಟ್ ಆಫ್ ಮೆಮೊರಿ" ಅಂತಿದ್ದರೆ ಅರ್ಧ ಕೆಲಸ ಅಲ್ಲೇ ಮುಗೀತು. ಇಡೀ ಬ್ರೌಸರ್ರೇ ಮುಚ್ಚಿಹೋದರೆ ಡ್ರೈವರ್, ಆಂಟಿವೈರಸ್, ಇಲ್ಲಾ ಕೆಟ್ಟ ಪ್ರೊಫೈಲ್ ಕಡೆ ನೋಡಬೇಕು.

ಅದೇ ಫೈಲ್ ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತಾ ನೋಡಿ. ಇದನ್ನು ಸುಮ್ನೆ ಹೇಳ್ತಿಲ್ಲ. ಪಿಡಿಎಫ್ ತೋರಿಸೋಕೆ ಕ್ರೋಮ್ ಒಳಗಿರೋದು ಪಿಡಿಎಫಿಯಮ್ ಅನ್ನೋ ಎಂಜಿನ್. ಫೈರ್‌ಫಾಕ್ಸ್‌ನದು ಪಿಡಿಎಫ್ ಡಾಟ್ ಜೆಎಸ್, ಪೂರ್ತಿ ಬೇರೆ, 2013ರಿಂದ ಅದರ ಜೊತೆಗೇ ಬರುತ್ತಿದೆ. ಎರಡರಲ್ಲೂ ಬಿದ್ದರೆ ಬಹುಶಃ ಫೈಲೇ ಹಾಳಾಗಿದೆ ಅಥವಾ ವಿಪರೀತ ದೊಡ್ಡದಿದೆ ಅಂತ ಲೆಕ್ಕ.

ಆಮೇಲೆ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೋ ವಿಂಡೋ ತೆರೆಯಿರಿ. ಅಲ್ಲಿ ನೀವಾಗಿ ಅನುಮತಿ ಕೊಟ್ಟವು ಬಿಟ್ಟರೆ ಬೇರೆ ಎಕ್ಸ್‌ಟೆನ್ಷನ್ ಓಡಲ್ಲ. ಇಲ್ಲಿ ತೆರೆದುಕೊಂಡರೆ ವಾಪಸ್ ಬಂದು ಎಲ್ಲಾ ಎಕ್ಸ್‌ಟೆನ್ಷನ್ ಆಫ್ ಮಾಡಿ, ಒಂದೊಂದೇ ಆನ್ ಮಾಡುತ್ತಾ ಹೋಗಿ. ಪಿಡಿಎಫ್ ಕನ್ವರ್ಟರ್, ಕೂಪನ್ ಹುಡುಕುವಂಥವು, ಡೌನ್‌ಲೋಡ್ ಮ್ಯಾನೇಜರ್, ಇವುಗಳಿಂದ ಶುರು ಮಾಡಿ. ಫೈರ್‌ಫಾಕ್ಸ್‌ನಲ್ಲಾದರೆ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟ್ ಮೋಡ್ ಅಂತಲೇ ಇದೆ.

ಗೂಗಲ್ ಡಾಕ್ಸ್ ಥರದ್ದು ಬೀಳುತ್ತಿದ್ದು ಇನ್‌ಕಾಗ್ನಿಟೋದಲ್ಲಿ ಸರಿ ಇದ್ದರೆ, ಎಕ್ಸ್‌ಟೆನ್ಷನ್ ಜೊತೆ ಆ ಸೈಟ್‌ನ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಹಳೇ ಪ್ರತಿ) ಮೇಲೂ ಅನುಮಾನ ಇಡಿ. ಕ್ಯಾಶ್ ಅಳಿಸುವಾಗ "ಪಾಸ್‌ವರ್ಡ್ಸ್" ಮುಂದಿನ ಟಿಕ್ ತೆಗೆದಿದ್ದೀರಾ ಅಂತ ಎರಡು ಸಲ ನೋಡಿ. ನಾನು ಒಮ್ಮೆ ನೋಡಲಿಲ್ಲ, ಅಮ್ಮನ ಎಲ್ಲಾ ಲಾಗಿನ್ ಹೋಗಿ ಒಂದು ವಾರ ಬೈಸಿಕೊಂಡೆ.

ಭಾವನ ಲ್ಯಾಪ್‌ಟಾಪ್‌ನಲ್ಲಿ ಇದ್ಯಾವುದೂ ಆಗಲಿಲ್ಲ. ಇನ್‌ಕಾಗ್ನಿಟೋದಲ್ಲೂ ವಿಂಡೋ ಮಾಯ, ಬೇರೆ ಪಿಡಿಎಫ್ ಹಾಕಿದರೂ ಮಾಯ. ಹಾಗಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್ ಅನ್ನೋ ಕಡೆ "ಯೂಸ್ ಗ್ರಾಫಿಕ್ಸ್ ಆಕ್ಸಲರೇಷನ್" ಆಫ್ ಮಾಡಿಸಿ, ರೀಲಾಂಚ್ ಒತ್ತಿಸಿದೆ. ಪತ್ರ ತೆರೆದುಕೊಂಡಿತು. ಪುಟ ಬಿಡಿಸುವ ಕೆಲಸವನ್ನು ಬ್ರೌಸರ್ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತೆ, ಅದರ ಡ್ರೈವರ್ ಹಳೆಯದಾಗಿದ್ದರೆ ಹೀಗಾಗಬಹುದು. ಆಫ್ ಮಾಡಿಯೇ ಬಿಟ್ಟರೆ ವೀಡಿಯೊ ತಡವರಿಸಬಹುದು. ಅದಕ್ಕೆ ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದಲೇ ಡ್ರೈವರ್ ತಂದು ಹಾಕಿ, ಮತ್ತೆ ಆನ್ ಮಾಡಿ ನೋಡಿ. "ನಿಮ್ಮ ಡ್ರೈವರ್ ಹಳೆಯದಾಗಿದೆ" ಅಂತ ಪಾಪ್ಅಪ್ ತೋರಿಸುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಇದೂ ಆಗದಿದ್ದರೆ ಬಲಗಡೆ ಮೇಲಿನ ನಿಮ್ಮ ಚಿತ್ರ ಒತ್ತಿ ಹೊಸ ಪ್ರೊಫೈಲ್ ಮಾಡಿ, ಲಾಗಿನ್ ಆಗದೆ ಅದರಲ್ಲಿ ಫೈಲ್ ತೆರೆಯಿರಿ. ತೆರೆದರೆ ಹಳೇ ಪ್ರೊಫೈಲೇ ಕೆಟ್ಟಿದೆ. ವಿಂಡೋಸ್ 7 ಅಥವಾ 8.1 ಇಟ್ಟುಕೊಂಡವರಿಗೆ ಕ್ರೋಮ್ 109ರಲ್ಲೇ ನಿಂತುಹೋಗಿದೆ, 2023ರಿಂದ ಹೊಸದು ಬಂದಿಲ್ಲ, ಅಲ್ಲಿ ಎಷ್ಟು ಒದ್ದಾಡಿದರೂ ಅಷ್ಟೇ.

ಅರ್ಜೆಂಟಿದ್ದರೆ ಒಂದು ಅಡ್ಡದಾರಿ ಇದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಪಿಡಿಎಫ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಸೈಟ್ ಸೆಟ್ಟಿಂಗ್ಸ್ ಒಳಗೆ ಪಿಡಿಎಫ್ ಡಾಕ್ಯುಮೆಂಟ್ಸ್ ಸಿಗುತ್ತೆ, ಅಲ್ಲಿ "ಡೌನ್‌ಲೋಡ್ ಪಿಡಿಎಫ್ಸ್" ಆರಿಸಿ. ಇನ್ನು ಮುಂದೆ ಫೈಲ್ ಬ್ರೌಸರ್‌ನಲ್ಲಿ ತೆರೆಯದೆ ನೇರ ಇಳಿಯುತ್ತೆ, ಸುಮಾತ್ರಾ ಪಿಡಿಎಫ್‌ನಂಥ ಚಿಕ್ಕ ಉಚಿತ ರೀಡರ್‌ನಲ್ಲಿ ಓದಿಕೊಳ್ಳಿ. ನಿಜ ಹೇಳಬೇಕೆಂದರೆ ದೊಡ್ಡ ದಾಖಲೆಗಳಿಗೆ ನಾನು ಯಾವಾಗಲೂ ಹೀಗೇ ಮಾಡೋದು.

ಭಾವನ ಪತ್ರ ತೆರೆಯಿತು ಅಂದೆನಲ್ಲ, ಆದರೆ ಆಮೆ ಥರ. ಪುಟ ಸರಿಸಿದರೆ ಹತ್ತು ಸೆಕೆಂಡ್ ಬಿಳಿ. ಫೈಲ್ ಇದ್ದದ್ದು 40 ಎಂಬಿ, ಅಷ್ಟೇನೂ ಅಲ್ಲ ಅನ್ನಿಸುತ್ತೆ ಅಲ್ವಾ? ಆದರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಪುಟ ಅಂದರೆ ಸುಮಾರು 4960 ಅಡ್ಡ, 7016 ಉದ್ದ ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಮೆಮೊರಿಯಲ್ಲಿ ಬಿಡಿಸಿಟ್ಟಾಗ ಒಂದೇ ಪುಟಕ್ಕೆ 140 ಎಂಬಿ ಹತ್ತಿರ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದುಕೊಂಡು ಇದನ್ನು ಓದಿಸಿದರೆ ಇನ್ನೇನಾಗುತ್ತೆ? ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ಬರುತ್ತೆ, ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತ ಅಲ್ಲೇ ಕಾಣುತ್ತೆ, ಬೇಡದ್ದನ್ನು ಅಲ್ಲೇ ಮುಗಿಸಿ. ಭಾವನಿಗೆ ಇಷ್ಟೆಲ್ಲ ಹೇಳಲಿಲ್ಲ. 200 ಡಿಪಿಐನಲ್ಲಿ ಕಪ್ಪುಬಿಳುಪು ಸ್ಕ್ಯಾನ್ ಮಾಡಿ ಕಳಿಸಿ ಅಂತ ವಕೀಲರ ಆಫೀಸಿನ ಹುಡುಗನಿಗೆ ಒಂದು ಮಾತು ಹೇಳಿಸಿದೆ, ಅಷ್ಟೇ.